ಎರಡನೇ ಮತ್ತು ನಾಲ್ಕನೇ ಶನಿವಾರ: ಬ್ಯಾಂಕ್ ಅಧಿಕಾರಿಯೊಬ್ಬರ ಬರವಣಿಗೆ ಕುರಿತ ಪ್ರಕರಣ ಅಧ್ಯಯನ

ಈ ಪ್ರಕರಣ ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ್ದು. ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿರುವ, ಒಂದು ಹೆಣ್ಣುಮಗುವಿನ ತಾಯಿಯಾದ, ಮದುವೆಗೆ ಮುಂಚಿನಿಂದಲೂ ಕತೆ ಬರೆಯುತ್ತಿದ್ದ ಮಹಿಳೆಯೊಬ್ಬರು ಈ ಮೂರನ್ನೂ ಒಟ್ಟಿಗೆ ನಡೆಸಲು ಸುಮಾರು ನಾಲ್ಕು ವರ್ಷ ಮಾಡಿದ ಪ್ರಯತ್ನಗಳನ್ನು ಇಲ್ಲಿ ದಾಖಲಿಸಿದ್ದೇನೆ. ಅವರನ್ನು ಸುಮತಿ ಎಂದು ಕರೆದಿದ್ದೇನೆ; ಅದು ಅವರ ನಿಜವಾದ ಹೆಸರಲ್ಲ. ಊರು, ಬ್ಯಾಂಕು, ಪ್ರಕಾಶಕರು ಯಾರೆಂಬುದನ್ನು ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಸುಮತಿಯವರೊಂದಿಗೂ ಅವರ ಪತಿಯೊಂದಿಗೂ ಬೇರೆ ಬೇರೆಯಾಗಿ ಮಾತನಾಡಿದ್ದೇನೆ, ಬರೆದ ಮೇಲೆ ಇಬ್ಬರೂ ಓದಿ ಒಪ್ಪಿದ್ದಾರೆ.

ಹಿನ್ನೆಲೆ

ಸುಮತಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಬ್ಯಾಂಕು ಸೇರಿದರು. ಅಷ್ಟರಲ್ಲಾಗಲೇ ಅವರ ಕೆಲವು ಕತೆಗಳು ವಾರಪತ್ರಿಕೆಗಳಲ್ಲಿ ಬಂದಿದ್ದವು, ದೀಪಾವಳಿ ವಿಶೇಷಾಂಕವೊಂದರ ಸ್ಪರ್ಧೆಯಲ್ಲಿ ಬಹುಮಾನವೂ ಬಂದಿತ್ತು. ಅನುದಾನಿತ ಪದವಿಪೂರ್ವ ಕಾಲೇಜಿನ ಉಪನ್ಯಾಸಕರೊಬ್ಬರನ್ನು ಮದುವೆಯಾದರು. ಮೂವತ್ತಕ್ಕೆ ಮಗಳು ಹುಟ್ಟಿದಳು. ಆರು ತಿಂಗಳ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದಾಗ ಮಗುವನ್ನು ನೋಡಿಕೊಂಡವರು ಅತ್ತೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆ ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಆದರೆ ಒಂಬತ್ತು ಜನ ಕೆಲಸ ಮಾಡುವ ಶಾಖೆಯ ಬಾಗಿಲಿಗೆ ಅಂಥ ಕೇಂದ್ರ ಬರುವುದಿಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ತಾಯಂದಿರ ನೌಕರಿ ನಿಂತಿರುವುದು ಅತ್ತೆಯ ಅಥವಾ ಅಮ್ಮನ ಮೊಣಕಾಲಿನ ಬಲದ ಮೇಲೆ.

ನೌಕರಿ ಅವರ ಬರವಣಿಗೆಯ ಶತ್ರುವಾಗಿತ್ತೆಂದು ಭಾವಿಸಬಾರದು. ಚಿನ್ನದ ಸಾಲದ ವಿಭಾಗದಲ್ಲಿ ಕುಳಿತ ಎರಡು ವರ್ಷಗಳಲ್ಲಿ, ಬಿತ್ತನೆಗೆ, ಶಾಲೆಯ ಶುಲ್ಕಕ್ಕೆ, ಆಸ್ಪತ್ರೆಯ ಬಿಲ್ಲಿಗೆ ಕೊರಳಿನ ಸರ ಬಿಚ್ಚಿಕೊಡುವ ಹೆಂಗಸರನ್ನು ಅವರು ಕಂಡರು. ಒಡವೆ ತೂಗುವ ಅಕ್ಕಸಾಲಿಗನ ತಕ್ಕಡಿಯನ್ನು ಆ ಹೆಂಗಸರು ನೋಡುವ ರೀತಿಯಿಂದಲೇ ಒಂದು ಕಾದಂಬರಿ ಅವರ ಮನಸ್ಸಿನಲ್ಲಿ ಮೊಳೆತಿತ್ತು. ಆದರೆ ಸೇವೆಗೆ ಸೇರುವಾಗ ಗೋಪ್ಯತೆಯ ಘೋಷಣೆಗೆ ಸಹಿ ಹಾಕಿದವರು ಗ್ರಾಹಕರ ಬದುಕನ್ನು ಇದ್ದಂತೆಯೇ ಕಾಗದಕ್ಕೆ ಇಳಿಸುವಂತಿಲ್ಲ. ಬ್ಯಾಂಕ್ ಅಧಿಕಾರಿಗಳ ನಡತೆ ನಿಯಮಗಳು, ಕರ್ತವ್ಯಕ್ಕೆ ಧಕ್ಕೆ ಬಾರದಂತೆ ಆಗೊಮ್ಮೆ ಈಗೊಮ್ಮೆ ಮಾಡುವ ಸಾಹಿತ್ಯದ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ಹಾಗಾಗಿ ಯಾವುದೇ ಗ್ರಾಹಕರ ಪ್ರಸಂಗವನ್ನು ನೇರವಾಗಿ ಬಳಸದೆ, ವಸ್ತುವನ್ನಷ್ಟೇ ಉಳಿಸಿಕೊಂಡು, ಬರೆದದ್ದನ್ನು ಸ್ವಂತ ಹೆಸರಿನಲ್ಲಿಯೇ ಪ್ರಕಟಿಸುವುದೆಂದು ಅವರು ಆರಂಭದಲ್ಲಿಯೇ ನಿರ್ಧರಿಸಿದ್ದರು.

ಸಮಸ್ಯೆ

ಮಗಳು ಎಲ್‌ಕೆಜಿಗೆ ಸೇರುವ ಹೊತ್ತಿಗೆ ಸುಮತಿ ಕತೆಯೊಂದನ್ನು ಪೂರ್ತಿ ಮಾಡಿ ಐದು ವರ್ಷವಾಗಿತ್ತು. ವಯಸ್ಸು ಮೂವತ್ತನಾಲ್ಕು. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ ಮೂವತ್ತೈದರ ಮಿತಿ ಇದೆಯೆಂದು ಗೆಳತಿಯೊಬ್ಬರು ನೆನಪಿಸಿದ್ದು ಅವರನ್ನು ಕಲಕಿತು. ಪ್ರಶಸ್ತಿಯ ಆಸೆಗಿಂತ, ಹೆರಿಗೆ ಮತ್ತು ಎಳೆಮಗುವಿನ ಆರೈಕೆಯಲ್ಲಿ ಕಳೆಯುವ ವರ್ಷಗಳನ್ನೇ ಯೌವನದ ಪ್ರತಿಭೆಯ ವರ್ಷಗಳೆಂದು ಎಣಿಸುವ ಈ ಲೆಕ್ಕ ಅವರಿಗೆ ನೋವು ಕೊಟ್ಟಿತು. ಇನ್ನೊಬ್ಬರು, ಎಂ.ಕೆ. ಇಂದಿರಾ ಅವರು ಕಾದಂಬರಿ ಬರೆಯಲು ತೊಡಗಿದ್ದೇ ನಲವತ್ತೈದರ ವಯಸ್ಸಿನಲ್ಲಿ ಎಂದು ಸಮಾಧಾನ ಹೇಳಿದರು. ಈ ಎರಡು ಮಾತೂ ಅವರ ಉಪಯೋಗಕ್ಕೆ ಬರಲಿಲ್ಲ. ಮುಂದಿನ ಸೋಮವಾರ ಬರೆಯುವುದು ಯಾವಾಗ ಎಂಬುದಕ್ಕೆ ಅವುಗಳಲ್ಲಿ ಉತ್ತರವಿರಲಿಲ್ಲ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಸುಮತಿ ಬ್ಯಾಂಕಿನವರಾದ್ದರಿಂದ ತಮ್ಮದೊಂದು ವಾರವನ್ನೂ ಹೀಗೆಯೇ ಲೆಕ್ಕ ಇಟ್ಟು ನೋಡಿದರು. ಬಿಡುವೇ ಇಲ್ಲವೆಂಬ ಅವರ ನಂಬಿಕೆ ಅಲ್ಲಿ ಸುಳ್ಳಾಯಿತು. ದಿನಕ್ಕೆ ಒಂದು ಗಂಟೆಯ ಮೇಲೆ ಬಿಡುವು ಇತ್ತು. ಆದರೆ ಅದು ಹತ್ತು ಹದಿನೈದು ನಿಮಿಷಗಳ ತುಂಡುಗಳಲ್ಲಿತ್ತು, ಮತ್ತು ಯಾರಾದರೂ ಕೂಗಿದರೆ ಏಳಬೇಕೆಂಬ ಷರತ್ತಿನ ಮೇಲೆಯೇ ಅವರಿಗೆ ಸಿಗುತ್ತಿತ್ತು. ಕೈಯಿಂದ ಮಾಡುವ ಕೆಲಸಕ್ಕಿಂತ ತಲೆಯಲ್ಲಿ ಹೊರುವ ಕೆಲಸ ಹೆಚ್ಚಿತ್ತು. ಮುಂದಿನ ಲಸಿಕೆ ಯಾವಾಗ, ಸಮವಸ್ತ್ರ ಒಣಗಿದೆಯೇ, ಗ್ಯಾಸ್ ಬುಕ್ ಆಗಿದೆಯೇ, ಅತ್ತೆಯ ಬಿ.ಪಿ. ಮಾತ್ರೆ ಎಷ್ಟು ಉಳಿದಿದೆ ಎಂಬುದೆಲ್ಲ ಅವರ ನೆನಪಿನಲ್ಲಿಯೇ ಇರಬೇಕಿತ್ತು. ಪತಿ ಒಳ್ಳೆಯವರು, ಸೋಮಾರಿಯೂ ಅಲ್ಲ. "ಹೇಳಿದ್ರೆ ಮಾಡ್ತೀನಲ್ಲ" ಎಂಬುದು ಅವರ ಮಾತು. ಹೇಳಬೇಕಾದ ಆ ಕೆಲಸವೇ ತಮ್ಮನ್ನು ದಣಿಸುತ್ತಿದೆಯೆಂದು ಅರ್ಥ ಮಾಡಿಸಲು ಸುಮತಿಗೆ ಬಹುಕಾಲ ಸಾಧ್ಯವಾಗಲಿಲ್ಲ.

ಇದರ ಕೆಳಗೆ ಇನ್ನೂ ಒಂದು ಸಂಗತಿ ಇತ್ತು. ಸಾಯಂಕಾಲ ಕ್ಯಾಷ್ ತಾಳೆಯಾಗದಿದ್ದರೆ ಮ್ಯಾನೇಜರ್ ಕೇಳುತ್ತಾರೆ; ಹಸಿವಾದರೆ ಮಗು ಕೇಳುತ್ತದೆ; ಹಬ್ಬದ ತಯಾರಿ ಏನಾಯಿತೆಂದು ಅತ್ತೆ ಕೇಳುತ್ತಾರೆ. ಕಾದಂಬರಿ ಎಲ್ಲಿಗೆ ಬಂತೆಂದು ಕೇಳುವವರು ಮಾತ್ರ ಒಬ್ಬರೂ ಇರಲಿಲ್ಲ. ಮೂರು ಹೊಣೆಗಳು ಒಂದೇ ಹೊತ್ತಿಗೆ ಎದುರಾದಾಗಲೆಲ್ಲ ಬಿದ್ದುಹೋಗುತ್ತಿದ್ದದ್ದು ಕೇಳುವವರಿಲ್ಲದ ಈ ಮೂರನೆಯದೇ. ಇಡೀ ಪ್ರಕರಣವನ್ನು ನಾನು ಓದಿಕೊಂಡಿರುವುದು ಈ ಎಳೆಯನ್ನು ಹಿಡಿದು.

ಮೊದಲು ಮಾಡಿ ನೋಡಿದ್ದು

ಎಲ್ಲರೂ ಕೊಡುವ ಸಲಹೆಯಂತೆ ಅವರು ಮೊದಲು ನಸುಕಿನಲ್ಲಿ ಎದ್ದರು. ನಾಲ್ಕೂವರೆಗೆ ಎದ್ದು ಆರರವರೆಗೆ ಬರೆಯುವುದು. ಪಕ್ಕದಲ್ಲಿ ಅಮ್ಮನಿಲ್ಲವೆಂದು ತಿಳಿದ ಮಗು ಅರ್ಧ ಗಂಟೆಯೊಳಗೆ ತಾನೂ ಎದ್ದು ಬಂದು ಮಡಿಲೇರುತ್ತಿತ್ತು. ಹಾಗೂ ಎರಡು ತಿಂಗಳು ನಡೆಯಿತು. ಫೆಬ್ರವರಿಯಲ್ಲಿ, ವಾರ್ಷಿಕ ಲೆಕ್ಕ ಮುಕ್ತಾಯದ ಒತ್ತಡ ಏರುತ್ತಿದ್ದಾಗ, ದೊಡ್ಡ ಮೊತ್ತವೊಂದನ್ನು ಅವರು ಬೇರೊಬ್ಬರ ಖಾತೆಗೆ ಜಮಾ ಮಾಡಿದರು. ಅಂದೇ ಸಂಜೆ ತಪ್ಪು ಸಿಕ್ಕಿ ಸರಿಯಾಯಿತು, ಯಾರಿಗೂ ನಷ್ಟವಾಗಲಿಲ್ಲ. ಆದರೆ ನಿದ್ದೆಗೆಟ್ಟು ಬರೆಯುವುದು ಅಲ್ಲಿಗೆ ನಿಂತಿತು. ಬೇಗ ಏಳಿ ಎಂಬ ಸಲಹೆಯನ್ನು ನಾವು ಹೆಂಗಸರಿಗೆ ಬಹಳ ಸಲೀಸಾಗಿ ಕೊಡುತ್ತೇವೆ. ಮನೆಯಲ್ಲಿ ಮತ್ತಾರ ಪಾಲನ್ನೂ ಮುಟ್ಟದೆ, ಅವರ ನಿದ್ದೆಯಿಂದಲೇ ಕತ್ತರಿಸಿ ಕೊಡುವ ಸಲಹೆ ಅದು.

ಬಳಿಕ ಬಸ್ಸಿನಲ್ಲಿ ಹೋಗಿ ಬರುವಾಗ ಮೊಬೈಲಿನಲ್ಲಿ ಬರೆದರು, ಮಾತನಾಡಿ ದಾಖಲಿಸಿಕೊಂಡರು. ಸಂಭಾಷಣೆಗಳು ಚೆನ್ನಾಗಿ ಬಂದವು, ಕತೆಯ ಕಟ್ಟು ಬರಲಿಲ್ಲ. ಈ ಅಭ್ಯಾಸವನ್ನು ಅವರು ಬಿಡಲಿಲ್ಲ. ಅದರಿಂದ ಪುಸ್ತಕ ಆಗದು ಎಂಬುದು ಮಾತ್ರ ಖಚಿತವಾಯಿತು.

ಮೂರನೆಯದು ದೀರ್ಘ ರಜೆ. ಸಾರ್ವಜನಿಕ ವಲಯದ ಹಲವು ಬ್ಯಾಂಕುಗಳಲ್ಲಿ ಮಹಿಳಾ ಸಿಬ್ಬಂದಿಗೆ ಇಡೀ ಸೇವಾವಧಿಯಲ್ಲಿ ಒಟ್ಟು ಎರಡು ವರ್ಷದವರೆಗೆ ಸಂಬಳವಿಲ್ಲದ ವಿಶೇಷ ರಜೆ ಪಡೆಯುವ ಅವಕಾಶವಿದೆ. ಸುಮತಿ ಒಂದು ವರ್ಷಕ್ಕೆ ಅರ್ಜಿ ತುಂಬಿ ಇಟ್ಟುಕೊಂಡರು. ಮನೆಸಾಲದ ಕಂತನ್ನು ಪತಿಯ ಸಂಬಳದಲ್ಲಿ ಹೇಗೋ ಕಟ್ಟಬಹುದಿತ್ತು. ಅರ್ಜಿ ಕೊಡುವ ಮೊದಲೇ ವಿಷಯ ಮನೆಯಲ್ಲಿ ಹರಡಿತು, ಮತ್ತು ಮೊದಲ ನಿರ್ಣಾಯಕ ತಿರುವು ಬಂದದ್ದು ಅಲ್ಲಿ. ಅತ್ತೆಯ ಮೊಣಕಾಲಿನ ಶಸ್ತ್ರಚಿಕಿತ್ಸೆಯನ್ನು ಆ ರಜೆಯಲ್ಲಿ ಮಾಡಿಸುವುದೆಂದು ಮಾತಾಯಿತು. ನಾದಿನಿ ಬಾಣಂತನಕ್ಕೆ ತವರಿಗೇ ಬರುವುದೆಂದಾಯಿತು. ಮಗಳ ಶಾಲೆಯ ವ್ಯಾನು ಬಿಡಿಸಿದರೆ ಅಷ್ಟು ಹಣ ಉಳಿಯುವುದೆಂಬ ಲೆಕ್ಕವೂ ಬಂತು. ಯಾರ ಮನಸ್ಸಿನಲ್ಲಿಯೂ ಕೇಡಿರಲಿಲ್ಲ, ಕೇಳಿದ್ದೆಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ಮಂಜೂರಾಗುವ ಮೊದಲೇ ರಜೆ ಹಂಚಿಹೋಗಿತ್ತು. ಸುಮತಿ ಅರ್ಜಿಯನ್ನು ಹರಿದುಹಾಕಿದರು. ಸಂಬಳ ಬಿಟ್ಟು ಮನೆಯಲ್ಲಿ ಕುಳಿತರೆ ಬರವಣಿಗೆಗೆ ಈಗಿರುವ ತುಂಡು ಬಿಡುವೂ ಉಳಿಯುವುದಿಲ್ಲವೆಂಬುದು ಅವರ ತೀರ್ಮಾನವಾಗಿತ್ತು. ಅದನ್ನು ಸರಿಯಾದ ತೀರ್ಮಾನವೆಂದೇ ನಾನು ಭಾವಿಸುತ್ತೇನೆ.

ಶನಿವಾರಗಳ ಏರ್ಪಾಡು

2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಪತಿಯ ಕಾಲೇಜು ಮತ್ತು ಮಗಳ ಶಾಲೆ ಅಂದು ಮಧ್ಯಾಹ್ನದವರೆಗೆ ಇರುತ್ತಿದ್ದವು. ಈ ಎರಡು ದಿನ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಾವು ಮನೆಯಲ್ಲಿ ಇರುವುದಿಲ್ಲವೆಂದು ಸುಮತಿ ಹೇಳಿದರು. ಮನೆಯ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಬರೆಯಬಹುದೆಂದು ಪತಿ ಸೂಚಿಸಿದಾಗ ಅವರು ಒಪ್ಪಲಿಲ್ಲ. ಆ ಬಾಗಿಲು ತಟ್ಟಲಿಕ್ಕೇ ಇರುತ್ತದೆಂದು ಅವರಿಗೆ ಗೊತ್ತಿತ್ತು. ನಗರ ಕೇಂದ್ರ ಗ್ರಂಥಾಲಯದಲ್ಲಿ, ಕೆಎಎಸ್, ಪಿಎಸ್‌ಐ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರ ನಡುವೆ ಒಂದು ಮೇಜು ಹಿಡಿದರು. "ರಜಾ ಇರೋ ದಿನಾನೂ ಮನೇಲಿರಲ್ಲ ಅಂದ್ರೆ ಹೆಂಗಮ್ಮಾ" ಎಂದು ಅತ್ತೆ ಬೇಸರಪಟ್ಟರು. ಆ ಎರಡು ದಿನದ ಅಡುಗೆಗೆ ಒಬ್ಬರನ್ನು ಗೊತ್ತು ಮಾಡಲಾಯಿತು.

ಮೊದಲ ಕೆಲವು ತಿಂಗಳು ಇದೂ ವಿಫಲವೇ. ದೇಹ ಗ್ರಂಥಾಲಯದಲ್ಲಿತ್ತು, ಫೋನು ಮನೆಯಲ್ಲಿ ಇದ್ದಂತೆಯೇ ಇತ್ತು. ಕೆಮ್ಮಿನ ಔಷಧ ಯಾವ ಕಪಾಟಿನಲ್ಲಿದೆ, ಸೋಮವಾರದ ಪ್ರಾಜೆಕ್ಟಿಗೆ ಯಾವ ಬಣ್ಣದ ಕಾಗದ ಬೇಕು ಎಂಬ ಕರೆಗಳು ಬರುತ್ತಲೇ ಇದ್ದವು. ಆಗ ಅವರು ಕೆಲಸಗಳನ್ನು ಹಂಚುವುದನ್ನು ಬಿಟ್ಟು, ಎರಡು ಬಾಬತ್ತುಗಳನ್ನು ಇಡಿಯಾಗಿ ಪತಿಗೆ ಒಪ್ಪಿಸಿದರು: ಶಾಲೆ ಮತ್ತು ವೈದ್ಯರು. ಶುಲ್ಕ, ಸಮವಸ್ತ್ರ, ಹೋಂವರ್ಕು, ಶಿಕ್ಷಕರ ಭೇಟಿ, ಲಸಿಕೆ, ಔಷಧ, ಇವೆಲ್ಲವನ್ನು ಮಾಡುವುದೂ ನೆನಪಿಡುವುದೂ ಅವರದೇ. ಬ್ಯಾಂಕಿನಲ್ಲಿ ಒಬ್ಬ ಅಧಿಕಾರಿ ಇನ್ನೊಬ್ಬರಿಗೆ ಪ್ರಭಾರ ವಹಿಸುವಂತೆ ಪಟ್ಟಿ ಬರೆದು ಕೊಟ್ಟರಂತೆ.

ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಇದ್ದವರೆಲ್ಲ ತಾಯಂದಿರು. ತಂದೆಯೊಬ್ಬರನ್ನು ಸೇರಿಸಲು ತರಗತಿಯ ಶಿಕ್ಷಕಿ ಹಿಂಜರಿದರು. ಸೇರಿಸಿದ ಮೇಲೂ ಫೋನು ಬರುತ್ತಿದ್ದದ್ದು ಸುಮತಿಗೇ. "ಅವಳ ಅಪ್ಪನಿಗೆ ಹೇಳಿ ಮೇಡಂ" ಎಂದು ಬ್ಯಾಂಕಿನ ಕೌಂಟರಿನಿಂದ ಅದೆಷ್ಟೋ ಬಾರಿ ಅವರು ಹೇಳಬೇಕಾಯಿತು. ಒಮ್ಮೆ ಹಳದಿ ಬಣ್ಣದ ದಿನವೆಂಬ ಸೂಚನೆಯನ್ನು ಪತಿ ಮರೆತರು. ಹಿಂದಿನ ರಾತ್ರಿ ಬೇರೊಬ್ಬ ತಾಯಿಯ ಮಾತಿನಿಂದ ಸುಮತಿಗೆ ವಿಷಯ ತಿಳಿದಿತ್ತು. ಅವರು ಬಾಯಿ ಬಿಡಲಿಲ್ಲ. ನೀಲಿ ಅಂಗಿಯಲ್ಲಿ ಹೋದ ಮಗು ಅಳುತ್ತಾ ಮನೆಗೆ ಬಂತು. ಕತೆಗಳ ಯಾವ ಪುಟವೂ ಆ ರಾತ್ರಿ ಸುಮ್ಮನಿದ್ದಷ್ಟು ಕಷ್ಟವಾಗಿರಲಿಲ್ಲವೆಂದು ಅವರು ನನ್ನೊಡನೆ ಹೇಳಿದರು. ಮಗುವಿನ ಅಳುವಿನ ಬೆಲೆ ಕೊಟ್ಟು ಗಂಡನಿಗೆ ಪಾಠ ಕಲಿಸುವುದು ಸರಿಯೇ ಎಂದು ಓದುವವರು ಕೇಳಬಹುದು. ನನಗೂ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಪತಿ ತಮ್ಮ ಫೋನಿನಲ್ಲಿ ಶಾಲೆಗೆಂದೇ ಪ್ರತ್ಯೇಕ ಜ್ಞಾಪನೆ ಇಟ್ಟುಕೊಳ್ಳತೊಡಗಿದ್ದು ಅದರ ಮರುದಿನದಿಂದ.

ಇದರ ಜೊತೆಗೆ, ಕೇಳುವವರೊಬ್ಬರನ್ನು ಸುಮತಿ ತಾವಾಗಿಯೇ ನೇಮಿಸಿಕೊಂಡರು. ಕಾಲೇಜಿನಲ್ಲಿ ಕನ್ನಡ ಕಲಿಸಿದ್ದ, ಈಗ ನಿವೃತ್ತರಾಗಿ ಬೇರೆ ಊರಿನಲ್ಲಿರುವ ಅಧ್ಯಾಪಕಿಯೊಬ್ಬರು, ಪ್ರತಿ ನಾಲ್ಕನೇ ಶನಿವಾರದ ನಂತರದ ಸೋಮವಾರ ಪುಟಗಳು ಬಾರದಿದ್ದರೆ ಫೋನು ಮಾಡುವುದಾಗಿ ಒಪ್ಪಿದರು. ಅವರು ತಿದ್ದುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಬಂತೇ ಇಲ್ಲವೇ ಎಂದಷ್ಟೇ ಕೇಳುತ್ತಿದ್ದರು.

ಜ್ವರ ಬಂದ ಶನಿವಾರ

ಎರಡನೆಯ ವರ್ಷದ ಮಳೆಗಾಲದಲ್ಲಿ, ಒಂದು ಶನಿವಾರ, ಮಗಳಿಗೆ ಶಾಲೆಯಲ್ಲಿಯೇ ಜ್ವರ ಏರಿತು. ಪತಿ ಕಾಲೇಜಿನಿಂದ ನೇರವಾಗಿ ಹೋಗಿ ಕರೆದುಕೊಂಡು, ವೈದ್ಯರಿಗೆ ತೋರಿಸಿ, ಔಷಧ ಕೊಟ್ಟು ಮಲಗಿಸಿದರು. ಸುಮತಿಗೆ ತಿಳಿಸಲಿಲ್ಲ. ಐದೂವರೆಗೆ ಮನೆಗೆ ಬಂದಾಗ ಅತ್ತೆ ಮೊದಲು ಹೇಳಿದ ಮಾತು, "ತಾಯಿ ಇಲ್ಲದ ಕೂಸಿನ ಥರ ಮಲಗಿದೆ ನೋಡು." ಯಾಕೆ ತಿಳಿಸಲಿಲ್ಲವೆಂದು ಸುಮತಿ ಸಿಟ್ಟಾದರು. "ಹೇಳಿದ್ರೆ ನೀನು ಓಡಿ ಬರ್ತಿದ್ದೆ. ಬಂದು ಮಾಡೋದೇನಿತ್ತು?" ಎಂದು ಪತಿ ಕೇಳಿದರು. ಎರಡು ದಿನ ಇಬ್ಬರೂ ಮಾತಾಡಲಿಲ್ಲ.

ಈ ಘಟನೆಯನ್ನು ಇಬ್ಬರೂ ನನಗೆ ವಿವರಿಸಿದ್ದಾರೆ, ಮತ್ತು ಇಬ್ಬರ ವಿವರಣೆಯೂ ಅವರವರ ಮಟ್ಟಿಗೆ ನ್ಯಾಯವಾಗಿಯೇ ಇದೆ. ಪತಿಯ ದೃಷ್ಟಿಯಲ್ಲಿ ಅವರು ಒಪ್ಪಂದವನ್ನು ಅಕ್ಷರಶಃ ಪಾಲಿಸಿದ್ದರು. ಸುಮತಿ ಹೇಳಿದ್ದು ಇನ್ನೂ ಸೂಕ್ಷ್ಮವಾಗಿತ್ತು: ತಿಳಿಸಲಿಲ್ಲವೆಂಬ ನೋವು ಒಂದು ಕಡೆ, ತಾವಿಲ್ಲದೆಯೂ ಮಗುವಿನ ಜ್ವರ ಇಳಿಯಿತೆಂಬ ನೋವು ಇನ್ನೊಂದು ಕಡೆ, ಎರಡನೆಯದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು ಎಂದರು. ನಮ್ಮ ಕುಟುಂಬಗಳಲ್ಲಿ ಸೊಸೆಯಾದವಳಿಗೆ ಸಿಗುವ ಅಧಿಕಾರ ಕಡಿಮೆ. ತಾನಿಲ್ಲದೆ ಮನೆ ನಡೆಯದು ಎಂಬುದೇ ಅವಳಿಗಿರುವ ದೊಡ್ಡ ಸ್ಥಾನ. ಗಂಡ ಮನೆಯ ಹೊಣೆ ಹೊರಲಿ ಎಂದು ಕೇಳುವಾಗ, ಆ ಸ್ಥಾನದಲ್ಲಿ ಒಂದು ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ.

ಮೂರನೆಯ ದಿನ ಅವರು ಹೊಸ ನಿಯಮ ಮಾಡಿಕೊಂಡರು. ಕಾಯಿಲೆಯಾದರೆ ಒಂದು ಸಾಲಿನ ಸಂದೇಶ ಬರಬೇಕು, ಕರೆ ಬೇಡ. ಬರುವುದೋ ಬಿಡುವುದೋ ಸುಮತಿಯ ತೀರ್ಮಾನ. ಏಕೆ ಬಂದೆ, ಏಕೆ ಬರಲಿಲ್ಲ ಎಂದು ಯಾರೂ ಕೇಳಬಾರದು. ಪೆಟ್ಟಾದರೆ ಅಥವಾ ಆಸ್ಪತ್ರೆಗೆ ಸೇರಿಸಬೇಕಾದರೆ ಮಾತ್ರ ಕರೆ. ಮುಂದೊಮ್ಮೆ ಕೆಮ್ಮಿನ ಸಂದೇಶ ಬಂದಾಗ ಅವರು ಗ್ರಂಥಾಲಯದಲ್ಲಿಯೇ ಉಳಿದರು. ಇನ್ನೊಮ್ಮೆ ವಾಂತಿ ಎಂದು ಬಂದಾಗ ಎದ್ದು ಹೋದರು. ನಿಯಮ ಎರಡೂ ಸಲ ನಿಂತಿತು.

ಪದೋನ್ನತಿ ಮತ್ತು ಪುಸ್ತಕ

ಅಧಿಕಾರಿಗಳ ಮೊದಲ ದರ್ಜೆಯಾದ ಸ್ಕೇಲ್ ಒಂದರಿಂದ ಎರಡಕ್ಕೆ ಪದೋನ್ನತಿಯ ಪ್ರಕ್ರಿಯೆ ಆರಂಭವಾದಾಗ, ಆ ಶನಿವಾರಗಳಲ್ಲಿ ಬರೆಯುತ್ತಿದ್ದ ಕಥಾಸಂಕಲನದ ಕತೆಗಳು ಮುಗಿಯುವ ಹಂತದಲ್ಲಿದ್ದವು. ಬಡ್ತಿಯೆಂದರೆ ಪರೀಕ್ಷೆ, ಸಂದರ್ಶನ, ಬಹುಮಟ್ಟಿಗೆ ವರ್ಗಾವಣೆ. ಸುಮತಿ ಆ ವರ್ಷ ಅರ್ಜಿ ಹಾಕಲಿಲ್ಲ. ಅವರ ನಂತರ ಸೇರಿದವರೊಬ್ಬರು ಅವರಿಗಿಂತ ಮೇಲೇರಿದರು. ಮಕ್ಕಳಾದ ಮೇಲೆ ಹೆಂಗಸರಿಗೆ ಆಸಕ್ತಿ ಇರುವುದಿಲ್ಲ ಎಂಬ ಮಾತು ಶಾಖೆಯಲ್ಲಿ ಕೇಳಿಬಂತು. ನಿಜವಾದ ಕಾರಣ ಹೇಳಿದ್ದರೆ ಕೆಲಸದಲ್ಲಿ ಮನಸ್ಸಿಲ್ಲವೆಂಬ ಇನ್ನೊಂದು ಮಾತು ಬರುತ್ತಿತ್ತು. ಆದ್ದರಿಂದ ಅವರು ಸುಮ್ಮನಾದರು. ತಾಯ್ತನದ ನೆಪವನ್ನಾದರೂ ಕಚೇರಿ ಸಹಿಸುತ್ತದೆ, ಸಾಹಿತ್ಯದ್ದನ್ನು ಸಹಿಸುವುದಿಲ್ಲ.

ಒಂಬತ್ತು ಕತೆಗಳ ಸಂಕಲನ ಸಣ್ಣ ಪ್ರಕಾಶನವೊಂದರಿಂದ ಬಂತು: ಬೆಲೆ 150 ರೂಪಾಯಿ, 500 ಪ್ರತಿ, ಶೇಕಡಾ ಹತ್ತರ ಗೌರವಧನ. ಎಲ್ಲವೂ ಮಾರಾಟವಾದರೆ 7,500 ರೂಪಾಯಿ. "ಇಷ್ಟಕ್ಕಾ?" ಎಂದು ಸಂಬಂಧಿಕರೊಬ್ಬರು ಕೇಳಿದ್ದನ್ನು ಸುಮತಿ ಈಗ ನಗುತ್ತಾ ಹೇಳುತ್ತಾರೆ. ಅತ್ತೆ ಪುಸ್ತಕವನ್ನು ಓದದೆಯೇ ಭಜನಾ ಮಂಡಳಿಯಲ್ಲಿ ಎಲ್ಲರಿಗೂ ತೋರಿಸಿ ಬಂದರು.

ಮರುವರ್ಷ ಅವರು ಬಡ್ತಿಗೆ ಅರ್ಜಿ ಹಾಕಿದರು, ಆಯ್ಕೆಯಾದರು, ಅರವತ್ತು ಕಿಲೋಮೀಟರ್ ದೂರದ ಶಾಖೆಗೆ ವರ್ಗವಾಯಿತು. ಬೆಳಗ್ಗೆ ಏಳೂವರೆಗೆ ಹೊರಟರೆ ರಾತ್ರಿ ಎಂಟರ ಹೊತ್ತಿಗೆ ಮನೆ. ವಾರವಿಡೀ ಅಮ್ಮನನ್ನು ಕಾಣದ ಮಗಳು ಶನಿವಾರವನ್ನು ಕೇಳತೊಡಗಿದಳು, ಸುಮತಿಗೂ ಅದನ್ನು ನಿರಾಕರಿಸಲು ಮನಸ್ಸು ಬರಲಿಲ್ಲ. ಎರಡನೇ ಶನಿವಾರ ಮಗಳದಾಯಿತು. ನಾಲ್ಕನೆಯದು ಉಳಿದಿದೆ, ಆದರೆ ಮಾರ್ಚ್‌ನಲ್ಲಿ ಅದೂ ಇಲ್ಲ. ಚಿನ್ನದ ಸಾಲದ ಹೆಂಗಸರ ಕಾದಂಬರಿ ಎಂಬತ್ತು ಪುಟಗಳ ಬಳಿ ನಿಂತಿದೆ. ಇದನ್ನು ಯಶಸ್ಸಿನ ಕತೆಯೆಂದು ಬರೆಯುವುದು ಸರಿಯಾಗದು, ಸೋಲೂ ಅಲ್ಲ.

ಬೇರೆಯವರ ಉಪಯೋಗಕ್ಕೆ

ಈ ಪ್ರಕರಣಕ್ಕೆ ಅನುಕೂಲವಾಗಿದ್ದವನ್ನು ಮರೆಮಾಚಬಾರದು. ಮಗು ಒಂದೇ. ಪತಿಯದು ವರ್ಗಾವಣೆಯಿಲ್ಲದ ನೌಕರಿ, ಸಂಜೆ ನಾಲ್ಕಕ್ಕೆ ಮುಗಿಯುವುದು. ಅತ್ತೆ ಮನೆಯಲ್ಲಿದ್ದಾರೆ, ಅಡುಗೆಯವರಿಗೆ ಕೊಡಲು ಹಣವಿದೆ. ಆ ಅಡುಗೆಯವರಿಗೂ ಇಬ್ಬರು ಚಿಕ್ಕ ಮಕ್ಕಳಿದ್ದು, ಆ ಶನಿವಾರಗಳಲ್ಲಿ ಅವರನ್ನು ನೋಡಿಕೊಳ್ಳುವವರು ಪಕ್ಕದ ಮನೆಯ ಅಜ್ಜಿ. ಸುಮತಿ ಅಡುಗೆಯವರ ಕೂಲಿ ಹೆಚ್ಚಿಸಿದ್ದಾರೆ, ಅದರಿಂದ ಲೆಕ್ಕ ತೀರಿತೆಂದು ಹೇಳಿಕೊಳ್ಳುವುದಿಲ್ಲ.

ಇವುಗಳಲ್ಲಿ ಯಾವುದೂ ಇಲ್ಲದ ಮನೆಗೂ ಸಲ್ಲಬಹುದಾದ ಭಾಗವೆಂದರೆ, ಬರವಣಿಗೆಗೋ ಸಂಗೀತಕ್ಕೋ ಹೊರಗಿನಿಂದ ಒಬ್ಬ ಕೇಳುವವರನ್ನು ಗೊತ್ತುಮಾಡಿಕೊಳ್ಳುವುದು. ಅದಕ್ಕೆ ಖರ್ಚಿಲ್ಲ, ಯಾರ ಅನುಮತಿಯೂ ಬೇಡ. ಸುಮತಿಯ ಪಾಲಿಗೆ ಶನಿವಾರದ ಏರ್ಪಾಡು ಅರ್ಧ ಮುರಿದ ಮೇಲೂ ಮುರಿಯದೆ ಉಳಿದದ್ದು ಆ ಸೋಮವಾರದ ಫೋನು. ಶಾಲೆ ಮತ್ತು ವೈದ್ಯರ ಹೊಣೆಯೂ ಪತಿಯ ಬಳಿಯೇ ಉಳಿದಿದೆ. ವರ್ಗಾವಣೆಯ ಮೊದಲೇ ಅದು ಕೈ ಬದಲಾಯಿಸಿರದಿದ್ದರೆ ಅರವತ್ತು ಕಿಲೋಮೀಟರ್ ದೂರದ ಬಡ್ತಿಯನ್ನು ಒಪ್ಪಲು ಸಾಧ್ಯವೇ ಇರುತ್ತಿರಲಿಲ್ಲವೆಂದು ಇಬ್ಬರೂ ಹೇಳುತ್ತಾರೆ. ಬರವಣಿಗೆಗೆಂದು ಮಾಡಿದ ಏರ್ಪಾಡು ನೌಕರಿಗೆ ಒದಗಿದ ಈ ಭಾಗವನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಕ್ರಮದ ಬಗ್ಗೆ ಒಂದು ಮಾತು. ಸುಮತಿ ಮೊದಲು ದಿನವನ್ನು ಗೊತ್ತುಮಾಡಿಕೊಂಡು, ಆಮೇಲೆ ಹೊಣೆಯನ್ನು ಒಪ್ಪಿಸಿದರು. ಹಾಗಾಗಿ ಮೊದಲ ತಿಂಗಳುಗಳೆಲ್ಲ ಫೋನಿನಲ್ಲಿಯೇ ಹೋದವು. ಇದೇ ದಾರಿ ಹಿಡಿಯುವವರು ಶಾಲೆಯ ದಾಖಲೆಯಲ್ಲಿ ಮೊದಲ ಸಂಪರ್ಕದ ಸಂಖ್ಯೆಯನ್ನು ಪತಿಯದಾಗಿ ಬದಲಿಸಿ, ಒಂದು ತಿಂಗಳು ಅದು ನಡೆದ ಮೇಲೆ ಗ್ರಂಥಾಲಯದ ಮೇಜನ್ನು ಹುಡುಕುವುದು ಒಳ್ಳೆಯದು.